ಮುಸೀಬತ್ತಿನ ತಲಬು

ವಕೀಲಿ ಪರೀಕ್ಷೆಗೆ ಓದಲು ನಾನು ಆರಿಸಿಕೊಂಡ ಜಾಗ ಮಸ್ಕಿಯಲ್ಲಿದ್ದ ನನ್ನ ಸೋದರತ್ತೆಯ ಖಾನಾವಳಿ. ಓದುವುದಕ್ಕೆ ಅದಕ್ಕಿಂತ ಕೆಟ್ಟ ಜಾಗ ಆ ಸೀಮೆಯಲ್ಲಿ ಇನ್ನೊಂದು ಇರಲಿಲ್ಲ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಬಸ್ಸು ಮಧ್ಯಾಹ್ನದ ಹೊತ್ತಿಗೆ ಅವಳ ಮನೆಯ ಎದುರೇ ನಿಲ್ಲುತ್ತಿತ್ತು. ಹಸಿದ ಇಪ್ಪತ್ತು ಜನ ಒಮ್ಮೆಲೇ ಒಳಗೆ ನುಗ್ಗುತ್ತಿದ್ದರು. ಆದರೆ ನಮ್ಮ ಮನೆಯಲ್ಲಿ ಅಪ್ಪ ಇದ್ದರು, ಅತ್ತೆಯ ಮನೆಯಲ್ಲಿ ರೊಟ್ಟಿ ಇತ್ತು. ಆಯ್ಕೆ ಕಷ್ಟವಾಗಲಿಲ್ಲ.

ಆಗ ನಮ್ಮ ಕಡೆ ನಿಜಾಮರ ಆಳ್ವಿಕೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಕಾನೂನಿನ ಪುಸ್ತಕಗಳೆಲ್ಲ ಉರ್ದುವಿನಲ್ಲಿ, ಅದರೊಳಗೆ ಅಕ್ಕಿಯಲ್ಲಿನ ಹರಳಿನ ಹಾಗೆ ಅರಬ್ಬಿ ಮಾತುಗಳು. ಒಂದೊಂದನ್ನೂ ಗಟ್ಟಿಯಾಗಿ ಹತ್ತು ಸಲ ಹೇಳಿ ನಾನು ಬಾಯಿಪಾಠ ಮಾಡುತ್ತಿದ್ದೆ. ಅತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಐವತ್ತೈದು ದಾಟಿದ ದಪ್ಪ ಹೆಂಗಸು. ಎಲೆಯಡಿಕೆಯ ಜೊತೆ ಒಂದು ಚಿಟಿಕೆ ತಂಬಾಕು ಹಾಕಿದರೆ ಲೋಕವೆಲ್ಲ ಸರಿಯಾಗಿಯೇ ಇದೆ ಎಂದು ನಂಬುವವಳು.

ಒಂದು ದಿನ ನಾನು "ತಲಬ್-ಎ-ಮುವಾಸಿಬತ್, ತಲಬ್-ಎ-ಮುವಾಸಿಬತ್" ಎಂದು ಜಪ ಮಾಡುತ್ತಿದ್ದಾಗ ಅವಳ ಕೈ ನಿಂತಿತು.

"ಏನಲೇ ಅದು? ಮುಸೀಬತ್ತಿನ ತಲಬಾ?"

ನಮ್ಮ ಕಡೆ ತಲಬು ಎಂದರೆ ತಂಬಾಕಿಗಾಗಿ ಬಾಯಿ ಚಡಪಡಿಸುವುದು. ಮುಸೀಬತ್ತು ಎಂದರೆ ತಾಪತ್ರಯ. ತಾಪತ್ರಯಕ್ಕಾಗಿ ಬಾಯಿ ಚಡಪಡಿಸುವುದೂ ಒಂದು ಕಾನೂನಿನಲ್ಲಿ ಇದೆಯೆಂದು ತಿಳಿದು ಅವಳಿಗೆ ಬಲು ಸಂತೋಷವಾಗಿತ್ತು.

"ಅಲ್ಲ ಅತ್ತಿ. ತಲಬ್ ಅಂದ್ರ ಕೇಳೂದು. ಮುವಾಸಿಬತ್ ಅಂದ್ರ ಜಿಗಿಯೂದು. ಜಿಗದು ಕೇಳೂದು."

"ಏನ ಕೇಳೂದು?"

"ಮನೀ. ಈಗ ನಿನ್ನ ಗ್ವಾಡಿಗೆ ಗ್ವಾಡಿ ಹತ್ತಿದ ಮನೀ ಐತಲ್ಲ, ಅದನ್ನ ಅವ್ರು ಬ್ಯಾರೆಯವ್ರಿಗೆ ಮಾರಿದ್ರು ಅಂತ ತಿಳಕೋ. ನಿನಗ ಹಕ್ಕೈತಿ. ಅವ ಕೊಟ್ಟಷ್ಟ ರೊಕ್ಕ ನೀ ಕೊಟ್ಟು ಬಿಡಿಸಿಕೊಳ್ಳಬಹುದು. ಅದಕ್ಕ ಶುಫಾ ಅಂತಾರ. ಆದ್ರ ಮಾರಿದ ಸುದ್ದಿ ಕಿವಿಗೆ ಬಿದ್ದ ಗಳಿಗ್ಯಾಗ, ಕುಂತಿದ್ರ ಜಿಗದೆದ್ದು, 'ಅದು ನನಗ ಬೇಕು' ಅನಬೇಕು. ಒಂದು ಗುಟುಕು ನೀರು ಕುಡದು ಅಂದ್ರೂ ಹೋತು. ಹಿಂದಕ ಒಬ್ಬಾಂವ ಸುದ್ದಿ ಕೇಳಿ, ರೊಕ್ಕ ತರ್ತೀನಿ ಅಂತ ಒಳಗ ಹೋಗಿ ಬಂದ್ನಂತ. ಹಕ್ಕು ಮುಳುಗಿತು."

ಅತ್ತೆ ನಗಲು ಶುರುಮಾಡಿದಳು. ಅವಳ ನಗು ಹೊಟ್ಟೆಯಲ್ಲಿ ಹುಟ್ಟಿ, ಭುಜಕ್ಕೆ ಏರಿ, ಆಮೇಲೆ ಬಾಯಿಗೆ ಬರುತ್ತಿತ್ತು. ಸೊಂಟಕ್ಕೆ ಪಂಚೆ ಕಟ್ಟಿದ, ರುಮಾಲು ಸುತ್ತಿದ ದೊಡ್ಡ ಮನುಷ್ಯರೆಲ್ಲ ಕಪ್ಪೆಯ ಹಾಗೆ ಜಿಗಿಯುವುದನ್ನು ನೆನೆದು ನೆನೆದು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೋಡೆಯ ಕಿಂಡಿಗೆ ಬಾಯಿಟ್ಟು ಪಕ್ಕದ ಮನೆಯವಳನ್ನೂ ಕರೆದು ಹೇಳಿದಳು. ಆ ಕಿಂಡಿ ಎರಡು ಅಡುಗೆಮನೆಗಳ ನಡುವೆ ಒಂದು ಇಟ್ಟಿಗೆಯಷ್ಟು ಅಗಲವಿತ್ತು. ಇಪ್ಪತ್ತು ವರ್ಷದಿಂದ ಬೆಂಕಿಯ ಕೆಂಡ, ಮಜ್ಜಿಗೆ, ಊರ ಸುದ್ದಿ ಮೂರೂ ಅದರಲ್ಲೇ ಓಡಾಡುತ್ತಿದ್ದವು. ಕಿಂಡಿಯ ಆಚೆಯಿಂದಲೂ ನಗು ಕೇಳಿಸಿತು. ನನಗಂತೂ ಆ ದಿನ ಮುಂದಿನ ಪುಟ ತಿರುವಲಾಗಲಿಲ್ಲ.

ಅಂದಿನಿಂದ ತಂಬಾಕಿನ ಚೀಲ ಬೇಕಾದಾಗಲೆಲ್ಲ ಅವಳು "ತಮ್ಮಾ, ಮುಸೀಬತ್" ಎನ್ನುತ್ತಿದ್ದಳು. ನಾನು ಪರೀಕ್ಷೆ ಪಾಸಾದೆ. ಲಿಂಗಸುಗೂರಿನ ಮುನ್ಸೀಫ್ ಅದಾಲತ್ತಿನ ಹತ್ತಿರ ಒಂದು ಕೋಣೆ ಹಿಡಿದೆ. ಕರಿ ಶೇರವಾನಿ ಹೊಲಿಸಿದೆ. ಆ ಶೇರವಾನಿಯ ಗುಂಡಿಗಳನ್ನು ಎಣಿಸುತ್ತ ನಾಲ್ಕು ತಿಂಗಳು ಕೂತೆ. ಒಬ್ಬ ಕಕ್ಷಿದಾರನೂ ಬರಲಿಲ್ಲ.

ಹಾಗೆ ಕೂತಿದ್ದ ಒಂದು ಮಧ್ಯಾಹ್ನ ಸಿಂಧನೂರಿನ ಬಸ್ಸು ನಿಲ್ದಾಣಕ್ಕೆ ಹೋಗದೆ ನೇರ ನನ್ನ ಕೋಣೆಯ ಮುಂದೆ ಬಂದು ನಿಂತು ಹಾರ್ನ್ ಹೊಡೆಯತೊಡಗಿತು. ಡ್ರೈವರ್ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ. ಅತ್ತೆಯ ಖಾನಾವಳಿಯ ಖಾಯಂ ಗಿರಾಕಿ ಅವನು, ನನ್ನನ್ನು ಚೆನ್ನಾಗಿ ಬಲ್ಲವನು.

"ವಕೀಲಸಾಬ್! ನಿಮ್ಮ ಅತ್ತಿಯಾರು ಜಿಗದಾರ್ರಿ!"

ನಾನು ಬರಿಗಾಲಲ್ಲೇ ಹೊರಗೆ ಓಡಿದೆ. "ಯಾವ ಬಾವಿಗೆ?"

"ಬಾವಿ ಎಲ್ಲಿಂದ್ರೀ? ಪರಾತ!"

"ಪರಾತ?"

"ಹಿಟ್ಟಿನ ಪರಾತದ ಮ್ಯಾಲಿಂದ ಜಿಗದಾರ್ರಿ! ಮುಸೀಬತ್ ಮುಸೀಬತ್ ಅಂತ ಒದರಿಕೋತ! ನಾ ಬೆಂಕಿ ಬಿತ್ತು ಅಂತ ತಾಟು ತಗೊಂಡ ಹೊರಗ ಓಡಿದೆ."

ಬಸ್ಸಿನಲ್ಲಿದ್ದ ಪ್ರಯಾಣಿಕರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ಒಬ್ಬ ಕಿಟಕಿಯಿಂದ ಕೈ ಚಾಚಿ ಹಿಟ್ಟು ನಾದುವ ಆ ಪರಾತ ಎಷ್ಟು ಅಗಲವಿತ್ತೆಂದು ತೋರಿಸುತ್ತಿದ್ದ. ಪಕ್ಕದವನು ಅಷ್ಟಿರಲಿಲ್ಲವೆಂದು ವಾದಿಸುತ್ತಿದ್ದ. ಅವರ ಮಾತಿನಲ್ಲಿ ಸಿಕ್ಕಷ್ಟು ಹೆಕ್ಕಿಕೊಂಡು, ಮರುದಿನ ಮಸ್ಕಿಗೆ ಹೋಗಿ ಅತ್ತೆಯ ಬಾಯಿಂದ ಉಳಿದದ್ದು ಕೇಳಿದ ಮೇಲೆ ನಡೆದದ್ದೇನೆಂದು ನನಗೆ ತಿಳಿಯಿತು.

ಪಕ್ಕದ ಮನೆಯವರ ಮಗನಿಗೆ ಸಿಂಧನೂರು ತಹಸೀಲಿನಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಮನೆಯ ಯಜಮಾನ ಯಾರಿಗೂ ಹೇಳದೆ ಲಿಂಗಸುಗೂರಿನ ಒಬ್ಬ ಹತ್ತಿ ವ್ಯಾಪಾರಿಗೆ ಮನೆ ಮಾರಿ ಕಾಗದವನ್ನೂ ಮಾಡಿಸಿಬಿಟ್ಟಿದ್ದ. ಹೆಂಡತಿಗೆ ಬಾಯಿ ಬಿಡಬೇಡವೆಂದು ಆಣೆ ಹಾಕಿಸಿದ್ದನಂತೆ. ಅವಳು ಎರಡು ದಿನ ತಡೆದಳು. ಮೂರನೆಯ ದಿನ ಕಿಂಡಿಗೆ ಬಾಯಿಟ್ಟು, "ಅಕ್ಕಾ, ಮನೀ ಮಾರಿಬಿಟ್ರು ಅಕ್ಕಾ, ನಾವು ಸಿಂಧನೂರಿಗೆ ಹೊಂಟೀವಿ" ಎಂದು ಅತ್ತುಬಿಟ್ಟಳು.

ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಬಲಗಡೆ ಒಲೆ, ಎಡಗಡೆ ಗೋಡೆ, ಮುಂದೆ ಹಿಟ್ಟಿನ ಪರಾತ. ಸುತ್ತಿ ಬರಲು ದಾರಿ ಇತ್ತು. ಅವಳು ಸುತ್ತಲಿಲ್ಲ.

"ನೀನ ಹೇಳಿದ್ದಿಯಲ್ಲಲೇ, ಜಿಗೀಬೇಕು ಅಂತ," ಎಂದಳು ನನಗೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು.

"ಕಾಲಿನಿಂದ ಜಿಗೀಬೇಕು ಅಂತ ನಾ ಹೇಳಿಲ್ಲ ಅತ್ತಿ. ತಡ ಮಾಡಬಾರದು ಅಂತ ಅದರ ಅರ್ಥ."

"ಮತ್ತ ಯಾತರಿಂದ ಜಿಗೀತಾರೋ ಮಂದಿ?"

"ಮುಸೀಬತ್! ಆ ಮನೀ ನನಗ ಬೇಕು!" ಎಂದು ಕೂಗಿ ಜಿಗಿದವಳು ಅಲ್ಲಿಗೇ ನಿಂತಿರಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ, ಪಕ್ಕದ ಮನೆಯ ಗೋಡೆಯ ಮೇಲೆ ಐದು ಬೆರಳು ಮೂಡಿಸಿ, ಬಸ್ಸಿನವರನ್ನೆಲ್ಲ ಕರೆದು, "ಈ ಮನೀ ಬೇಕಂತ ನಾ ಕೇಳೀನಿ, ನೀವೆಲ್ಲಾ ಸಾಕ್ಷಿ" ಎಂದಿದ್ದಳು. ಮೊದಲ ಕೂಗಿನ ಬಳಿಕ ಸಾಕ್ಷಿಗಳ ಮುಂದೆ ಇನ್ನೊಮ್ಮೆ ಕೇಳಬೇಕೆಂಬುದೂ ಕಾನೂನೇ. ನಾನು ಅದನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ನನ್ನ ಬಾಯಿಪಾಠ ಕೇಳಿ ಕೇಳಿ ಅವಳೇ ಕಲಿತಿದ್ದಳು. ಕಿಂಡಿಯ ಗೆಳತಿ ಮಾತ್ರ, ಅಕ್ಕನಿಗೆ ದುಃಖದಲ್ಲಿ ತಲೆ ಕೆಟ್ಟಿತೆಂದು ತಿಳಿದು ಇನ್ನೂ ಜೋರಾಗಿ ಅತ್ತಿದ್ದಳು.

ವ್ಯಾಪಾರಿ ಮನೆ ಬಿಟ್ಟುಕೊಡಲು ಒಪ್ಪಲಿಲ್ಲ. ಅವನಿಗೆ ರಸ್ತೆಯ ಪಕ್ಕ ಹತ್ತಿ ಇಡುವ ಜಾಗ ಬೇಕಿತ್ತು. ಅತ್ತೆಗೂ ಜಾಗ ಬೇಕಿತ್ತು. ಇಪ್ಪತ್ತು ಜನ ಬಂದರೆ ಹತ್ತು ಜನ ಬಿಸಿಲಲ್ಲಿ ನಿಂತು ಉಣ್ಣುತ್ತಿದ್ದರು. ತನ್ನ ಬೋರಮಾಳ ಸರ ಒತ್ತೆಯಿಟ್ಟು ಮನೆಯ ಬೆಲೆ ಹೊಂದಿಸಿದಳು. ನಾನು ದಾವೆ ಹಾಕಿದೆ. ನನ್ನ ಜೀವನದ ಮೊದಲನೆಯ ದಾವೆ, ಕಕ್ಷಿದಾರಳು ನನ್ನ ಅತ್ತೆ, ಫೀಸು ಊಟ.

ಪೇಶಿಯ, ಅಂದರೆ ವಿಚಾರಣೆಯ, ದಿನ ಅದಾಲತ್ತಿನ ಹಜಾರ ತುಂಬಿಹೋಗಿತ್ತು. ಪರಾತದ ಸುದ್ದಿ ಬಸ್ಸಿನೊಂದಿಗೆ ಎರಡೂ ಕಡೆ ಹರಡಿತ್ತು. ಕಚೇರಿಯ ಗುಮಾಸ್ತರು, ಜವಾನರು, ಸಂತೆಗೆ ಬಂದವರು ಎಲ್ಲರೂ ಇದ್ದರು. ಅರ್ಧಕ್ಕಿಂತ ಹೆಚ್ಚು ಜನ ಒಂದಲ್ಲ ಒಂದು ದಿನ ಅತ್ತೆಯ ರೊಟ್ಟಿ ಉಂಡವರು. ಮುನ್ಸೀಫ್ ಸಾಹೇಬರು ಹೈದರಾಬಾದಿನವರು, ವಯಸ್ಸಾದವರು. ಅವರಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅವರ ಮಾತನ್ನು, ಪಕ್ಕದಲ್ಲಿ ಕೂತು ದಾಖಲೆ ಬರೆಯುವ ಪೇಶಕಾರರು ಕನ್ನಡಕ್ಕೆ ತಿರುಗಿಸುತ್ತಿದ್ದರು. ವ್ಯಾಪಾರಿಯ ಪರವಾಗಿ ರಾಯಚೂರಿನಿಂದ ಒಬ್ಬ ಹಳೆಯ ವಕೀಲರು ಬಂದಿದ್ದರು. ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಪ್ರಶ್ನೆ ಕೇಳುತ್ತಾರೆಂದು ಅವರ ಖ್ಯಾತಿ.

ಅವರು ಮೊದಲು ಎತ್ತಿದ್ದು ಮಾತಿನ ತಕರಾರು. ಈ ಹೆಂಗಸು ಕೂಗಿದ್ದು ಮುವಾಸಿಬತ್ ಅಲ್ಲ, ಮುಸೀಬತ್. ತಾಪತ್ರಯ ತಾಪತ್ರಯ ಎಂದು ಕೂಗಿದರೆ ಮನೆ ಕೇಳಿದಂತಾಯಿತೇ? ನಾನು ಎದ್ದು, "ಆ ಮನೆ ನನಗೆ ಬೇಕು" ಎಂದೂ ಅವಳು ಕೂಗಿದ್ದಾಳೆ, ಕಾನೂನು ಇಂಥದ್ದೇ ಮಾತೆಂದು ಹೇಳಿಲ್ಲ ಎಂದು ತೋರಿಸಿದೆ. ಮುನ್ಸೀಫರು ತಲೆಯಾಡಿಸಿದರು. ನನ್ನ ಎದೆ ಶೇರವಾನಿಯೊಳಗೆ ಎರಡು ಅಂಗುಲ ಉಬ್ಬಿತು.

ಹಳೆಯ ವಕೀಲರು ನಕ್ಕು ಅತ್ತೆಯ ಕಡೆ ತಿರುಗಿದರು.

"ಅವ್ವಾ, ಸುದ್ದಿ ಬಂದಾಗ ಹಂಚಿನ ಮ್ಯಾಲೆ ರೊಟ್ಟಿ ಇತ್ತೇನು?"

"ಇತ್ತಲ್ರಿ. ಊಟದ ಹೊತ್ತು."

"ಅದು ಹೊತ್ತಿತೇನು?"

ಅತ್ತೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು. "ನನ್ನ ರೊಟ್ಟಿ ಹೊತ್ತಂಗಿಲ್ರಿ."

"ಎಂದೂ?"

"ಎಂದೂ."

ನನ್ನ ಎದೆ ಇದ್ದಲ್ಲಿಗೇ ಇಳಿಯಿತು. ಪ್ರಶ್ನೆ ಎಲ್ಲಿಗೆ ಹೊರಟಿದೆ ಎಂದು ಆಗ ನನಗೆ ಹೊಳೆಯಿತು. ರೊಟ್ಟಿ ಹೊತ್ತಿಲ್ಲವೆಂದರೆ ಅತ್ತೆ ಅದನ್ನು ತಿರುವಿ ಹಾಕಿದ್ದಾಳೆ, ಇಲ್ಲವೆ ಇಳಿಸಿಟ್ಟಿದ್ದಾಳೆ. ಆಮೇಲೆ ಜಿಗಿದಿದ್ದಾಳೆ. ಅಂದರೆ ತಡವಾಯಿತು. ನೀರಿನ ಒಂದು ಗುಟುಕಿಗೆ ಮುಳುಗುವ ಹಕ್ಕು ಒಂದು ರೊಟ್ಟಿಗೆ ಉಳಿಯುತ್ತದೆಯೇ?

"ಹಂಗಾದ್ರ ರೊಟ್ಟಿ ಇಳಿಸಿ ಜಿಗದ್ರಿ?" ಎಂದರು ವಕೀಲರು, ಮಗುವಿಗೆ ಬೆಲ್ಲ ತೋರಿಸುವವರ ದನಿಯಲ್ಲಿ.

ಅತ್ತೆ ನನ್ನನ್ನು ನೋಡಿದಳು. ನಾನು ಕಣ್ಣಿನಲ್ಲೇ ಏನೇನೋ ಹೇಳಲು ನೋಡಿದೆ. ಅವಳು ಹಜಾರದ ಕಡೆ ನೋಡಿದಳು. ಅಲ್ಲಿ ಅವಳ ಗಿರಾಕಿಗಳೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಪಾಪ, ಅವಳ ಸಂಕಟ ನನಗೆ ತಿಳಿಯಿತು. ಈ ಕಡೆ ಮನೆ, ಆ ಕಡೆ ಮೂವತ್ತು ವರ್ಷದ ಹೆಸರು. ಅವಳು ಪೇಶಕಾರರ ಕಡೆ ಬಾಗಿ ಮೆಲ್ಲಗೆ ಕೇಳಿದಳು.

"ಸಾಹೇಬ್ರ, ನಾ ಹೇಳಿದ್ದು ಬರಕೋತೀರೇನ್ರಿ?"

"ಎಲ್ಲಾ ಬರೀತೀವಿ."

"ಇದೊಂದು ಬರೀಬ್ಯಾಡ್ರಿ. ಬಾಯಿಮಾತಲೆ ಹೇಳತೀನಿ."

ಹಜಾರದಲ್ಲಿ ನಗು ಎದ್ದಿತು. ಮುನ್ಸೀಫರು ಮೇಜು ಕುಟ್ಟಿದರು. ಆದರೆ ಅವರೂ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಿದ್ದರು. ಪ್ರಮಾಣ ಮಾಡಿ ಹೇಳುವುದನ್ನೆಲ್ಲ ಬರೆಯಲೇಬೇಕೆಂದು ಪೇಶಕಾರರು ಅವಳಿಗೆ ವಿವರಿಸುತ್ತಿದ್ದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಡ್ರೈವರ್ ಎದ್ದು ನಿಂತ. ತನ್ನ ಸಾಕ್ಷಿಯ ಸರದಿ ಬರುವ ತನಕ ಕಾಯುವುದು ಅವನಿಂದ ಆಗಲಿಲ್ಲ.

"ಹೊತ್ತಿತ್ರಿ ಹುಜೂರ್! ನನಗ ನೀಡೂ ರೊಟ್ಟೀನ ಅದು! ಇದ್ದಲಿ ಆಗಿತ್ರಿ, ಇದ್ದಲಿ! ಮನೀ ತುಂಬ ಹೊಗಿ!"

"ಕೂಡ್ರು!" ಎಂದು ಪೇಶಕಾರರು ಗದರಿದರು. ಆದರೆ ಅತ್ತೆಯ ಕಣ್ಣು ಕೆಂಪಾಗಿತ್ತು.

"ಇದ್ದಲಿ ಅಂತಾನ್ರೀ ಬಾಡ್ಯಾ! ಏನ ಇದ್ದಲಿ ಆಗಿತ್ತು? ಒಂದು ಬದಿ ಕರಕಾಗಿತ್ತು, ಅಷ್ಟ! ಹತ್ತು ವರ್ಷ ನನ್ನ ಕೈಯಾಗ ಉಂಡು ಇದ್ದಲಿ ಅಂತೀಯೇನಲೇ? ಜಿಗಿಯೂ ಮುಂದ ರೊಟ್ಟಿ ನೋಡಕೋತ ಕೂಡ್ರಾಕ ಆಗತೈತೇನ್ರಿ? ಬಿಟ್ಟು ಜಿಗದೆ, ಕರಕಾತು!"

ಪೇಶಕಾರರ ಲೇಖನಿ ಕರಕರ ಓಡಿತು. ಹಳೆಯ ವಕೀಲರು ಕನ್ನಡಕ ತೆಗೆದು ಮಡಿಚಿಟ್ಟರು. ನಾನು ಎದ್ದು ನಿಂತೆ, ಏನಾದರೂ ಹೇಳಬೇಕೆಂದು. ಹೇಳುವುದಕ್ಕೆ ಏನೂ ಉಳಿದಿರಲಿಲ್ಲ, ಮತ್ತೆ ಕೂತೆ.

ಆಗ ಮುನ್ಸೀಫ್ ಸಾಹೇಬರು ಕುರ್ಚಿಗೆ ಒರಗಿ ಮಾತಾಡಲು ಶುರುಮಾಡಿದರು. ಅವರಿಗೆ ಅರಬ್ಬಿ ಚೆನ್ನಾಗಿ ಬರುತ್ತಿತ್ತು, ಅದನ್ನು ಬಲ್ಲವರು ಲಿಂಗಸುಗೂರಿನಲ್ಲಿ ಅವರಿಗೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಶುಫಾ ಎಂಬ ಮಾತಿನ ಬೇರು ಜೋಡಿ ಎಂದರು. ಒಂಟಿಯಾದದ್ದಕ್ಕೆ ಇನ್ನೊಂದನ್ನು ಸೇರಿಸಿ ಜೋಡಿ ಮಾಡುವುದು. ಮುವಾಸಿಬತ್ತಿನ ಬೇರು ಜಿಗಿತವೇ, ವಾದಿ ತಿಳಿದದ್ದು ಸರಿ. ಆದರೆ ಅದರಲ್ಲೊಂದು ತಮಾಷೆ ಇದೆ ಎಂದರು. ಹಿಂದೆ ಯಮನ್ ದೇಶದ ಒಬ್ಬ ರಾಜ ಕೋಟೆಯ ಮಾಳಿಗೆಯ ಮೇಲೆ ಕೂತಿದ್ದನಂತೆ. ಉತ್ತರದ ಅರಬನೊಬ್ಬ ಅವನನ್ನು ಕಾಣಲು ಬಂದ. ರಾಜ ಮರ್ಯಾದೆಯಿಂದ ಇದೇ ಬೇರಿನ ತನ್ನ ಸೀಮೆಯ ಮಾತಿನಲ್ಲಿ "ಕುಳಿತುಕೋ" ಎಂದ. ಅದೇ ಮಾತಿಗೆ ಉತ್ತರದಲ್ಲಿ "ಜಿಗಿ" ಎಂದು ಅರ್ಥ. ರಾಜನ ಅಪ್ಪಣೆ ಮೀರುವುದುಂಟೇ? ಬಂದವನು ಮಾಳಿಗೆಯಿಂದ ಜಿಗಿದೇಬಿಟ್ಟ. ಇವನಿಗೇನಾಯಿತು ಎಂದು ರಾಜ ಸುತ್ತಲಿದ್ದವರನ್ನು ಕೇಳಿದನಂತೆ.

ಪೇಶಕಾರರು ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಹಜಾರ ಕುಲುಕುತ್ತಿತ್ತು. ಜವಾನ ಬಾಗಿಲ ಕಂಬ ಹಿಡಿದು ನಗುತ್ತಿದ್ದ. ಹತ್ತಿ ವ್ಯಾಪಾರಿಯೂ ನಕ್ಕ, ತನ್ನ ವಕೀಲರು ನೋಡಿದಾಗ ನಿಲ್ಲಿಸಿದ. ಅತ್ತೆ ಮಾತ್ರ ಗಂಭೀರವಾಗಿ ಕೇಳಿದಳು.

"ಅಂದ್ರ ಆ ಮಾತಿಗೆ ಕುಂಡ್ರು ಅಂತನೂ ಅರ್ಥ ಐತೇನ್ರಿ?"

"ಐತಂತ," ಎಂದರು ಪೇಶಕಾರರು.

"ಹಂಗಾದ್ರ ಕುಂಡ್ರತೀನ್ರಿ. ಮುಂಜಾನಿಂದ ನಿಂತೀನಿ, ಮೊಣಕಾಲು ಇನ್ನೂ ಹಿಡದೈತಿ." ಹಾಗೆಂದವಳೇ ಕಟಕಟೆಯೊಳಗೆ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಆಚೆಯಿಂದ ನೋಡಿದರೆ ತಲೆ ಮಾತ್ರ ಕಾಣುತ್ತಿತ್ತು. ಯಾರೂ ಅವಳನ್ನು ಎಬ್ಬಿಸಲಿಲ್ಲ.

ಹದಿನೈದು ದಿನದ ಮೇಲೆ ಫೈಸಲಾ ಬಂತು. ಕಾನೂನು ಕೇಳುವುದು ಮನಸ್ಸಿನ ಜಿಗಿತವನ್ನು. ವಾದಿ ಮೈಯನ್ನೂ ಜೊತೆಗೆ ಕೊಟ್ಟಿದ್ದಾಳೆ, ತಡ ಮಾಡಿದ್ದಕ್ಕೆ ಪುರಾವೆಯಿಲ್ಲ ಎಂದು ಮುನ್ಸೀಫರು ಬರೆದಿದ್ದರು. ಮನೆ ಅತ್ತೆಗೆ. ನಾನು ಅದರ ನಕಲು ಹಿಡಿದು, ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬನೇ ನಗುತ್ತ ಮಸ್ಕಿಗೆ ಹೋದೆ. ಕಂಡಕ್ಟರ್ ಎರಡು ಸಲ ಬಂದು ಮೈ ಸರಿ ಇದೆಯೇ ಎಂದು ವಿಚಾರಿಸಿದ.

ಅತ್ತೆಗೆ ಉರ್ದುವಿನಲ್ಲಿದ್ದದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ವಾದಿಯ ರೊಟ್ಟಿ ಸುಟ್ಟುಹೋಯಿತು ಎಂಬ ಸಾಲು ಬಂದಾಗ ಅವಳು ಕೈಯೆತ್ತಿದಳು.

"ಅದನ್ನ ತಗಸಾಕ ಅಪೀಲು ಹಾಕು."

"ಗೆದ್ದವರು ಅಪೀಲು ಹಾಕಂಗಿಲ್ಲ ಅತ್ತಿ."

"ಯಾಕ ಹಾಕಬಾರದು?"

ಎರಡು ದಿನ ಇದೇ ವಾದ. ಕೊನೆಗೆ ಆ ನಕಲನ್ನು ಬಟ್ಟೆಯಲ್ಲಿ ಸುತ್ತಿ, ತಾನು ಸಾಯುವ ತನಕ ಯಾರಿಗೂ ಓದಿ ಹೇಳಬಾರದೆಂದು ನನ್ನಿಂದ ಭಾಷೆ ತಗೊಂಡಳು. ಆ ಭಾಷೆಯನ್ನು ನಾನು ಉಳಿಸಿಕೊಂಡೆ.

ಬೀಗದ ಕೈ ಸಿಕ್ಕ ದಿನ ಅವಳೊಂದಿಗೆ ನಾನೂ ಪಕ್ಕದ ಮನೆಗೆ ಹೋದೆ. ಬರಿದಾದ ಅಡುಗೆಮನೆಯಲ್ಲಿ ನಿಂತು ಅವಳು ಆ ಕಡೆಯಿಂದ ಕಿಂಡಿಯನ್ನು ನೋಡಿದಳು. ಇಪ್ಪತ್ತು ವರ್ಷದಲ್ಲಿ ಆ ಬದಿಯಿಂದ ಅದನ್ನು ನೋಡಿದ್ದು ಅದೇ ಮೊದಲು. ಅಂಚು ಮಸಿ ಹಿಡಿದು ನುಣ್ಣಗಾಗಿತ್ತು, ಕೈಯಿಟ್ಟು ಕೈಯಿಟ್ಟು. ಅವಳೂ ಅದರೊಳಗೆ ಒಮ್ಮೆ ಕೈಯಿಟ್ಟು ನೋಡಿದಳು. ಆಮೇಲೆ, "ಗ್ವಾಡಿ ಒಡಿಯೂದು ಬ್ಯಾಡ. ಕಿಂಡಿ ಇರಲಿ, ಬಾಜೂಕ ಬಾಗಲಾ ಇಡಸೂನು" ಎಂದಳು.

ಸೋತ ವ್ಯಾಪಾರಿ ಒಂದು ವಾರದ ಮೇಲೆ ಊಟಕ್ಕೆ ಬಂದ. ಮೋರೆ ಸಣ್ಣದು ಮಾಡಿಕೊಂಡು, ಮೂಲೆಯಲ್ಲಿ ಕೂತು, ಎಂಟು ರೊಟ್ಟಿ ತಿಂದ. ಹತ್ತಿಯ ಹಂಗಾಮು ಬಂದಿತ್ತು, ಅವನಿಗೆ ಜಾಗ ಸಿಕ್ಕಿರಲಿಲ್ಲ. ಅತ್ತೆ ಅವನ ತಾಟಿಗೆ ಪಲ್ಯ ಬಡಿಸುತ್ತ, "ಹೊಸಾ ಮನ್ಯಾಗ ಅರ್ಧ ಖಾಲಿ ಐತಿ, ಎರಡು ತಿಂಗಳ ಮಟ್ಟಿಗೆ ಇಡ್ರಿ" ಎಂದಳು. ಬಾಡಿಗೆಯ ಬದಲು ತನ್ನ ಗಾಡಿಯಲ್ಲಿ ಜೋಳದ ಚೀಲ ತಂದು ಹಾಕಲು ಅವನು ಒಪ್ಪಿದ. ಹೀಗೆ ಆ ವರ್ಷ ಮನೆಯ ತುಂಬ ಹತ್ತಿಯ ಅಂಡಿಗೆಗಳು. ಉಂಡವರು ಅವುಗಳ ಮೇಲೆ ಒರಗಿದರೆ ಏಳಲೊಲ್ಲರು. ತುಂಬಿದ ಹೊಟ್ಟೆ, ಬೆನ್ನಿಗೆ ಹತ್ತಿ, ಮೇಲೆ ನೆರಳು. ಅರ್ಧ ಬಸ್ಸು ಗೊರಕೆ ಹೊಡೆಯುತ್ತಿತ್ತು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಒಳಗೆ ಬಂದು ಒಬ್ಬೊಬ್ಬರ ಕಾಲು ಹಿಡಿದು ಎಳೆಯುತ್ತಿದ್ದ.

ಆ ಹಂಗಾಮಿನಲ್ಲೇ ಒಂದು ದಿನ ಸಿಂಧನೂರಿನ ಬಸ್ಸಿನಿಂದ ಅತ್ತೆಯ ಗೆಳತಿ ಇಳಿದಳು. ಬರಿಗೈಯಲ್ಲಿ ಬಂದಿದ್ದಳು, ಸಂಜೆಯ ಬಸ್ಸಿಗೆ ತಿರುಗಿ ಹೋಗುತ್ತೇನೆಂದು ಮಗನಿಗೆ ಹೇಳಿ ಬಂದಿದ್ದಳು. ಇಬ್ಬರೂ ಹತ್ತಿಯ ಮೇಲೆ ಕಾಲು ಚಾಚಿ ಕೂತು ಎಲೆಯಡಿಕೆ ಹಾಕಿಕೊಂಡರು. ಸಿಂಧನೂರಿನ ನೀರಿನ ರುಚಿಯಿಂದ ಮಾತು ಶುರುವಾಯಿತು. ಸಂಜೆಯ ಬಸ್ಸು ಬಂತು, ಹೋಯಿತು. ಮರುದಿನದ್ದೂ ಹೋಯಿತು. ನಾಲ್ಕನೆಯ ದಿನ ಮಗನೇ ಹುಡುಕಿಕೊಂಡು ಬಂದ. ಅವನಿಗೂ ಒಂದು ತಾಟು ಹಾಕಿದರು.